ಬಿಸಿನೀರಿನ ಬೋಗುಣಿ

"ಬಿಚ್ಚು. ಇನ್ನೊಂದೂ ಬಿಚ್ಚು. ಯಾಕ, ನಿಮ್ಮಪ್ಪ ಬಂದು ಬಿಚ್ಚಬೇಕೇನು?"

ಸಫ್ತಾ ಗೇಟಿನ ಕಂಬಕ್ಕೆ ಕೈಕೊಟ್ಟು ಎಡಗಾಲಿನ ಬೂಟನ್ನೂ ಕಳಚಿದಳು. ಬೂಟಿನ ಕಾರ್ಖಾನೆಯ ಮೇಸ್ತ್ರಿ ದೆಬೋರಾ ಅದರೊಳಗೆ ಕೈ ಹಾಕಿ ತಡಕಾಡಿ, ತಲೆಕೆಳಗು ಮಾಡಿ ಗೋಡೆಗೆ ಎರಡು ಸಲ ಕುಟ್ಟಿದಳು. ಒಂದಿಷ್ಟು ಧೂಳು ಉದುರಿತು. ಉಳಿದ ಹೆಂಗಸರು ಚೀಲ ತೆರೆದು ತೋರಿಸಿ ಮನೆಗೆ ಹೋಗುತ್ತಿದ್ದರು. ಬೂಟು ಬಿಚ್ಚಬೇಕಾದವಳು ಸಫ್ತಾ ಒಬ್ಬಳೇ, ಯಾಕೆಂದರೆ ಆ ಪಾಳಿಯಲ್ಲಿ ಜಿಪ್ಸಿ ಅಂತ ಇದ್ದವಳು ಅವಳೊಬ್ಬಳೇ.

"ಒಂದು ಮೊಳೀನೂ ಹೊರಗ ಹೋಗಬಾರ್ದು," ಎಂದಳು ದೆಬೋರಾ. "ನಿಮ್ಮವರ ಕೈ ಎಲ್ಲೆಲ್ಲಿ ಆಡತಾವ ಅನ್ನೋದು ನನಗ ಗೊತ್ತಿಲ್ಲೇನು?"

ಕದಿಯಬಾರದೆಂಬ ದೇವರ ಆಜ್ಞೆಯನ್ನು ಗೇಟಿನ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು. ಒಳಗಿನಿಂದ ಹೊರಗೆ ಹೋಗುವವರಿಗೆ ಅದು ಎದುರಿಗೇ ಕಾಣುತ್ತಿತ್ತು. ಕಾರಿನಲ್ಲಿ ಒಳಗೆ ಬರುವವರಿಗೆ ಕಾಣುತ್ತಿದ್ದದ್ದು ಆ ಹಲಗೆಯ ಬೆನ್ನು, ತುಕ್ಕು ಹಿಡಿದ ತಗಡು.

"ಅಕಿ ಕುಂಡೀನೂ ಒಂದೀಟು ಮುಟ್ಟಿ ನೋಡವ್ವಾ," ಎಂದಳು ಇಲೋನಾ, ಚೀಲ ಹೆಗಲಿಗೇರಿಸುತ್ತ. ಅಂಟಿನ ಮೇಜಿನಲ್ಲಿ ಸಫ್ತಾಳ ಪಕ್ಕ ನಿಲ್ಲುವ ಮುದುಕಿ ಅವಳು, ಹಂಗೇರಿಯನ್ ಮೂಲದವಳು, ಬಾಯಿಗೆ ಬೀಗ ಇಲ್ಲದವಳು. "ಅಲ್ಲೊಂದು ಹೊಲಿಗಿ ಮಿಷನ್ ಮುಚ್ಚಿಟ್ಕೊಂಡಿರಬೇಕು. ನಡೀವಾಗ ಹ್ಯಾಂಗ ವಾಲತಾಳ ನೋಡು."

ಹೆಂಗಸರು ನಕ್ಕರು. ಸಫ್ತಾ ನಗಲಿಲ್ಲ. ಅವಳು ಬಗ್ಗಿ ಬೂಟು ಹಾಕಿಕೊಳ್ಳುತ್ತಿದ್ದಳು. ಕಾಲು ಬೂಟಿನೊಳಗೆ ಪೂರ್ತಿ ಹೋಯಿತೋ ಇಲ್ಲವೋ ಎನ್ನುವುದನ್ನು ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು. ಅದನ್ನು ಯಾರೂ ಗಮನಿಸಬಾರದು ಎಂದು ಅವಳು ಲಾಡಿ ಬಿಗಿಯುವವಳಂತೆ ಬಹಳ ಹೊತ್ತು ಬಗ್ಗಿದಳು.

ಇಲೋನಾ ಗಮನಿಸಿದಳು. ಬಸ್ಸಿನ ತಂಗುದಾಣದಲ್ಲಿ ಕೂತ ಮೇಲೆ ಕೇಳಿದಳು.

"ಯಾವಾಗಿಂದ?"

"ಏನು?"

"ನನ್ನ ಮುಂದ ನಾಟಕ ಆಡಬ್ಯಾಡ. ಕಾಲು."

ಸಫ್ತಾ ಕಾಲುಗಳನ್ನು ಬೆಂಚಿನ ಕೆಳಗೆ ಸರಿಸಿದಳು. ಚಳಿಗಾಲದಲ್ಲಿ ಬೆರಳ ತುದಿಯಿಂದ ಶುರುವಾಗಿತ್ತು. ಮೊದಲು ಇರುವೆ ಹರಿದಂತೆ ಜುಮುಜುಮು, ಆಮೇಲೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ನಡೆದಂತೆ. ಈಗ ಹಿಮ್ಮಡಿ ತನಕ ಏನೂ ಇಲ್ಲ. ಒಲೆಯ ಬದಿಗೆ ಕಾಲು ಚಾಚಿ ಕೂತರೆ ಮಗಳು ಮಿರೆಲಾ, "ಅಮ್ಮಾ, ಕಾಲುಚೀಲ ಸುಡತೈತಿ," ಎಂದು ಕೂಗಿ ಎಳೆಯುತ್ತಿದ್ದಳು.

"ಸಾಬಿನಾಗೂ ಹಿಂಗ ಶುರು ಆಗಿತ್ತು," ಎಂದಳು ಇಲೋನಾ.

ಸಾಬಿನಾ ಅದೇ ಅಂಟಿನ ಮೇಜಿನಲ್ಲಿ ಆ ವಾಸನೆ ಕುಡಿಯುತ್ತ ನಿಂತವಳು. ಒಂದು ದಿನ ಮೆಟ್ಟಿಲ ಮೇಲಿಂದ ಉರುಳಿದಳು. ಯಜಮಾನ ಬೆನಿಯಾಮಿನ್ ತಾನೇ ಅವಳನ್ನು ಎತ್ತಿ, ತನ್ನ ಕಾರಿನಲ್ಲಿ ಕೂರಿಸಿ, ಆಸ್ಪತ್ರೆಗಲ್ಲ, ಮನೆಗೆ ಬಿಟ್ಟು ಬಂದ. ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಕರ್ತನು ಅವಳನ್ನು ವಿಶ್ರಾಂತಿಗೆ ಕರೆದಿದ್ದಾನೆ ಎಂದ. ಮಾರನೆಯ ಸೋಮವಾರ ಅವಳ ಜಾಗದಲ್ಲಿ ಬೇರೆಯವಳು ನಿಂತಿದ್ದಳು. ವೈದ್ಯರು ನೋಡಲಿಲ್ಲ, ಎಲ್ಲೂ ಏನೂ ದಾಖಲಾಗಲಿಲ್ಲ. ಸಾಬಿನಾ ಈಗ ಎರಡು ಕೋಲು ಹಿಡಿದು ಕೋಳಿಗೂಡಿನ ತನಕ ಹೋಗಿ ಬರುತ್ತಾಳೆ.

"ಯಾರಿಗೂ ಹೇಳಬ್ಯಾಡ," ಎಂದಳು ಸಫ್ತಾ. "ನನ್ನೂ ವಿಶ್ರಾಂತಿಗೆ ಕಳಿಸತಾರ. ಆಮ್ಯಾಲ ನನಗ ಯಾರು ಕೆಲಸಾ ಕೊಡತಾರ? ನಿನಗಾದ್ರ ಕೊಡತಾರ."

ಅದು ಇಲೋನಾಗೂ ಗೊತ್ತಿತ್ತು. ಓರಾದ್ಯಾ ಪಟ್ಟಣದ ಸುತ್ತಮುತ್ತ ಜಿಪ್ಸಿ ಹೆಂಗಸಿಗೆ ಬಾಗಿಲು ತೆರೆದ ಕಾರ್ಖಾನೆ ಇದೊಂದೇ.

ತೆರೆದವನು ಬೆನಿಯಾಮಿನ್. ಸಫ್ತಾಳ ಸಂಕಟ ಇದ್ದದ್ದು ಅಲ್ಲೇ. ಅವಳಿಗೆ ಅವನ ಮೇಲೆ ದ್ವೇಷವಿರಲಿಲ್ಲ. ಅವರ ಕೇರಿಯ ಪ್ರಾರ್ಥನಾ ಮಂದಿರಕ್ಕೆ ಚಾವಣಿ ಹಾಕಿಸಿದವನು ಅವನು. ಅವಳ ಗಂಡ ದೀಕ್ಷಾಸ್ನಾನ ತೆಗೆದುಕೊಂಡ ದಿನ ಹೊಳೆಯ ದಂಡೆಯಲ್ಲಿ ನಿಂತು ಕಣ್ಣೀರು ಹಾಕಿದವನೂ ಅವನೇ, ಸುಳ್ಳು ಕಣ್ಣೀರಲ್ಲ. ತನ್ನನ್ನು ಯಜಮಾನ ಎಂದು ಯಾರೂ ಕರೆಯಬಾರದು ಎಂದು ಅಪ್ಪಣೆ ಮಾಡಿದ್ದ. ಸಹೋದರ ಎನ್ನಬೇಕು. ಮರೆತು ಯಜಮಾನರೇ ಎಂದವಳನ್ನು ಅವನು ಗದರಿಸುತ್ತಿರಲಿಲ್ಲ, ನೋವಾದವನ ಹಾಗೆ ನೋಡುತ್ತಿದ್ದ. ಅದಕ್ಕಿಂತ ಗದರಿಸಿದ್ದರೇ ವಾಸಿಯಿತ್ತು.

ಪ್ರತಿದಿನ ಯಂತ್ರಗಳು ಶುರುವಾಗುವ ಮೊದಲು ಅವನು ಚರ್ಮದ ಕಟ್ಟುಗಳ ಮೇಲೆ ಹತ್ತಿ ನಿಂತು ಬೈಬಲ್ ತೆರೆದು ವಾಕ್ಯ ಹೇಳುತ್ತಿದ್ದ. ವ್ಯಾಪಾರಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ ಎನ್ನುವುದು ಅವನ ನಂಬಿಕೆ. ಹಾಲೆಂಡಿನಲ್ಲಿ ಕ್ರೈಸ್ತ ಉದ್ಯಮಿಗಳ ಶಿಬಿರಕ್ಕೆ ಹೋಗಿ ಬಂದ ಮೇಲೆ ಆ ನಂಬಿಕೆಗೆ ಹೊಸ ಮಾತುಗಳು ಸೇರಿಕೊಂಡಿದ್ದವು. ಸೇವಕ ನಾಯಕ ಎನ್ನುವುದು ಅದರಲ್ಲೊಂದು.

ಆ ಸೋಮವಾರ ಇರುವೆಯ ವಿಷಯ ಬಂತು.

"ಇರುವೆಗೆ ಮೇಸ್ತ್ರಿ ಇಲ್ಲ, ಸಹೋದರಿಯರೇ. ಕಾವಲುಗಾರ ಇಲ್ಲ. ಆದರೂ ಅದು ಬೇಸಿಗೆಯೆಲ್ಲ ದುಡಿಯುತ್ತೆ, ಗೊಣಗೋದಿಲ್ಲ. ಯಾಕೆ? ತನ್ನ ಕೆಲಸ ಯಾರಿಗಾಗಿ ಅಂತ ಅದಕ್ಕೆ ಗೊತ್ತು."

"ಇರುವಿಗೆ ಈ ಅಂಟಿನ ಡಬ್ಬಿ ಮೂಸಿಸಿದ್ರ ಅದೂ ನಾಕೂ ಕಾಲು ಮ್ಯಾಲ ಮಾಡಿ ಬೀಳತಿತ್ತು," ಎಂದಳು ಇಲೋನಾ, ಅಷ್ಟೇನೂ ಮೆಲ್ಲಗಲ್ಲ.

"ಆರು," ಎಂದಳು ಅವಳ ಹಿಂದಿದ್ದ ನೊಯೆಮಿ, ಹೊಸದಾಗಿ ಸೇರಿದವಳು.

"ಏನು ಆರು?"

"ಇರುವಿಗೆ ಕಾಲು ಆರು."

"ಹಂಗಾರ ಅದು ನಮ್ಮಕಿಂತ ನಾಕು ದಿನ ಹೆಚ್ಚಿಗಿ ನಿಲ್ಲತೈತಿ ಬಿಡು."

ಹೆಂಗಸರ ನಗು ಕೇಳಿ ಬೆನಿಯಾಮಿನ್ ತಾನೂ ನಕ್ಕ. ತನ್ನ ಕಾರ್ಖಾನೆಯ ಹೆಂಗಸರು ನಗುನಗುತ್ತ ಇರುತ್ತಾರೆ ಎಂದು ಅವನಿಗೆ ಹೆಮ್ಮೆ. ಮಧ್ಯಾಹ್ನದ ಹೊತ್ತಿಗೆ ಅಂಟಿನ ಮೇಜಿನವರು ಸುಮ್ಮಸುಮ್ಮನೆ ಕಿಲಕಿಲ ಎನ್ನುತ್ತಿದ್ದರು, ತಲೆ ಹಗುರಾಗಿ ತೇಲುತ್ತಿತ್ತು, ಆಮೇಲೆ ವಾಂತಿ ಬರುತ್ತಿತ್ತು. ಅದನ್ನು ಅವನು ಕರ್ತನ ಆನಂದ ಎಂದು ಕರೆದಿದ್ದ. ಮೇಜಿನ ಮೇಲೆ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಇತ್ತು, ಹೊಸದು. ಅದರ ಸ್ವಿಚ್ಚಿಗೆ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ದೆಬೋರಾಳ ಸೊಂಟದಲ್ಲಿ. ಗಾಳಿಯಾಡಿದರೆ ಅಂಟು ಹಾಲಿನ ಹಾಗೆ ಕೆನೆಗಟ್ಟುತ್ತದೆ, ಬೂಟಿನ ಅಟ್ಟೆ ಬಿಟ್ಟುಕೊಳ್ಳುತ್ತದೆ. ಅದಲ್ಲದೆ ಒಳಗಿನ ಕಾವೆಲ್ಲ ಹೊರಗೆ ಹೋಗುತ್ತದೆ ಎನ್ನುವುದು ಲೆಕ್ಕ.

ಇಲೋನಾ ಒಮ್ಮೆ ಕೇಳಿದ್ದಳು. "ಸಹೋದರ, ಆ ಫ್ಯಾನು ಒಂದೀಟು ಹಚ್ಚಸ್ರಿ."

"ನಾನೂ ಯೋಚನೆ ಮಾಡ್ತಿದೀನಿ, ಇಲೋನಾ. ಪ್ರಾರ್ಥನೆಯಲ್ಲಿ ಇಟ್ಟಿದೀನಿ," ಎಂದಿದ್ದ ಅವನು. ಅಲ್ಲೇ ಇಟ್ಟಿದ್ದ.

ಇರುವೆಯ ಕಥೆ ಮುಗಿದ ಮೇಲೆ ಅವನು ಬೈಬಲ್ ಮುಚ್ಚಿ, ಗುರುವಾರ ಹಾಲೆಂಡಿನಿಂದ ಅತಿಥಿಗಳು ಬರುತ್ತಾರೆ ಎಂದ. ದೇವರ ವಾಕ್ಯದ ಮೇಲೆ ನಡೆಯುವ ಕಾರ್ಖಾನೆ ಹೇಗಿರುತ್ತೆ ಅಂತ ನೋಡಲು ಬರುತ್ತಿದ್ದಾರೆ. ಕರ್ತನು ಶಿಷ್ಯರ ಕಾಲು ತೊಳೆದ ಹಾಗೆ ತಾನೂ ಅವತ್ತು ಅವರೆಲ್ಲರ ಎದುರಿಗೆ ಒಬ್ಬ ಕೆಲಸದವಳ ಕಾಲು ತೊಳೆಯುತ್ತೇನೆ ಎಂದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲು ತೊಳೆಯುವುದು ಅವರಿಗೆ ಹೊಸದಲ್ಲ. ಪ್ರಭುಭೋಜನದ ದಿನ ಸಭೆಯಲ್ಲಿ ಎಲ್ಲರೂ ತೊಳೆಯುತ್ತಾರೆ. ಆದರೆ ಗಂಡಸರದು ಗಂಡಸರು, ಹೆಂಗಸರದು ಹೆಂಗಸರು, ಮಧ್ಯೆ ಪರದೆ. ಗಂಡಸು ಪರಹೆಂಗಸಿನ ಕಾಲು ಹಿಡಿಯುವುದನ್ನು ಯಾರೂ ಕಂಡಿರಲಿಲ್ಲ.

ದೆಬೋರಾ ಕಾಫಿ ವಿರಾಮದಲ್ಲಿ ಅಂಟಿನ ಮೇಜಿಗೆ ಬಂದು ಸಫ್ತಾಳ ಮುಂದೆ ನಿಂತಳು.

"ನೀನಽ," ಎಂದಳು.

"ನಾನ್ಯಾಕ್ರಿ?"

"ಬ್ಯಾರೇದವರ ಕಾಲು ಬೆಳ್ಳಗದಾವ, ಫೋಟೋದಾಗ ಏನೂ ಅನಸಂಗಿಲ್ಲ. ನಿನ್ನ ಕಾಲಾದ್ರ ಜಿಪ್ಸಿದು ಅಂತ ನೋಡಿದ ಕೂಡ್ಲೇ ತಿಳೀತದ."

ಸಫ್ತಾಳ ಕೈಯ ಕುಂಚದಿಂದ ಅಂಟು ಮೇಜಿನ ಮೇಲೆ ತೊಟ್ಟಿಕ್ಕಿತು. ಅವಮಾನ ಆಗಿದ್ದು ಆಮೇಲೆ. ಮೊದಲು ಆಗಿದ್ದು ಭಯ. ಯಾರಾದರೂ ತನ್ನ ಕಾಲು ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಹಿಡಿದಾಗ ಬೆರಳು ಮಡಚುವುದಿಲ್ಲ, ಕಚಗುಳಿ ಇಟ್ಟರೆ ಕದಲುವುದಿಲ್ಲ, ಸತ್ತ ಮೀನಿನ ಹಾಗೆ ಅವನ ಕೈಯಲ್ಲಿ ಬಿದ್ದಿರುತ್ತದೆ.

"ಗಂಡಸರು ನನ್ನ ಕಾಲು ಮುಟ್ಟೂದು ಬ್ಯಾಡ್ರಿ. ನಮ್ಮ ಸಭಾದಾಗ ನಡೆಯಂಗಿಲ್ಲ."

"ಅವರು ಗಂಡಸಲ್ಲ, ನಾಯಕರು."

"ಅಯ್ಯ," ಎಂದಳು ಇಲೋನಾ. "ಅವರ ಹೆಂಡ್ತಿಗೆ ಹೇಳೀಯೇನು ಇದನ್ನ?"

ಆ ಸಂಜೆ ಬೆನಿಯಾಮಿನ್ ತಾನೇ ಅವಳನ್ನು ಕರೆಸಿದ. ಕುರ್ಚಿಯಿಂದ ಎದ್ದು, ಅವಳನ್ನು ಅದರಲ್ಲಿ ಕೂರಿಸಿ, ತಾನು ಸ್ಟೂಲಿನ ಮೇಲೆ ಕೂತ. ಆ ಸ್ಟೂಲನ್ನು ಅದಕ್ಕೆಂದೇ ಇಟ್ಟುಕೊಂಡಿದ್ದ.

"ನಿನಗೆ ಮುಜುಗರ ಅಂತ ಗೊತ್ತು, ಸಫ್ತಾ. ಕರ್ತನ ಶಿಷ್ಯ ಪೇತ್ರನಿಗೂ ಮುಜುಗರ ಆಗಿತ್ತು, ಬೇಡ ಅಂದಿದ್ದ. ಇದು ನಿನ್ನ ಬಗ್ಗೆ ಅಲ್ಲ, ನನ್ನ ಅಹಂಕಾರ ಮುರಿಯೋ ಬಗ್ಗೆ. ನೀನು ನನಗೆ ಸಹಾಯ ಮಾಡೋದಿಲ್ವಾ?"

"ಮಾಡ್ತೀನ್ರಿ. ಆದ್ರ..."

"ನಿಮ್ಮ ಮಂದಿರದ ಚಾವಣಿ ಈಗ ಸೋರ್ತಾ ಇಲ್ಲ ತಾನೇ?"

ಅವನು ಅದನ್ನು ಪ್ರೀತಿಯಿಂದಲೇ ಕೇಳಿದ. ಸಫ್ತಾ ಇಲ್ಲ ಎಂದಳು, ಸೋರುವುದಿಲ್ಲ ಎಂದಳು, ಬರುತ್ತೇನೆ ಎಂದಳು.

ಗುರುವಾರ ಬೆಳಗ್ಗೆ ದೆಬೋರಾ ಅಂಟಿನ ಡಬ್ಬಿಗಳಿಗೆಲ್ಲ ಮುಚ್ಚಳ ಹಾಕಿಸಿದಳು. ನೆಲ ಗುಡಿಸಿ, ಯಂತ್ರಗಳನ್ನು ಒರೆಸಿ, ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದರು. ಆಮೇಲೆ ಅವಳು ಸಫ್ತಾಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಸೋಪು ಕೊಟ್ಟಳು.

"ತೊಳ್ಕೊ. ಉಗುರ ಸಂದಿ ಎಲ್ಲಾ ತಿಕ್ಕು."

"ತೊಳಿಯಾಕ ಹೊಂಟೀರಲ್ರಿ ಈಗ?"

"ಹೊಲಸು ಕಾಲು ಅವರು ಮುಟ್ಟಬೇಕೇನು? ತಿಕ್ಕು ಅಂದ್ರ ತಿಕ್ಕು. ಬೂಟು ಹಾಕ್ಕೋಬ್ಯಾಡ ಮತ್ತ, ಕಾಲುಚೀಲದ ಗೆರಿ ಮೂಡತಾವ. ಬರಿಗಾಲಾಗ ಬಾ."

ಬರಿಗಾಲಲ್ಲಿ ಶೌಚಾಲಯದಿಂದ ಕಾರ್ಖಾನೆಯ ನಡುವಿನ ತನಕ ಬರಬೇಕೆಂದರೆ ಮೊಳೆ ಹೊಡೆಯುವವರ ಸಾಲು ದಾಟಬೇಕು. ಗುಡಿಸಿದ್ದರು, ಆದರೆ ಆ ಸಾಲಿನಲ್ಲಿ ಎಷ್ಟು ಗುಡಿಸಿದರೂ ಅಷ್ಟೇ. ಸಫ್ತಾ ನೆಲ ನೋಡಿಕೊಂಡೇ ನಡೆದಳು. ಕಾಲು ಎಲ್ಲಿ ಬೀಳುತ್ತಿದೆ ಎಂದು ಕಣ್ಣು ಹೇಳಿದರೆ ಮಾತ್ರ ಅವಳಿಗೆ ತಿಳಿಯುತ್ತಿತ್ತು. ಅತಿಥಿಗಳು ಆಗಲೇ ಬಂದಿದ್ದರು, ಏಳೆಂಟು ಜನ, ಎತ್ತರದ ನಗುಮುಖದವರು. ಅವರಲ್ಲೊಬ್ಬಳು ಮುಂದೆ ಬಂದು ಸಫ್ತಾಳ ಎರಡೂ ಕೈ ಹಿಡಿದು ಕುರ್ಚಿಯ ಕಡೆ ನಡೆಸುತ್ತ ಏನೋ ಹೇಳಿದಳು. ಸಫ್ತಾ ತಲೆಯೆತ್ತಿ ನಕ್ಕಳು. ಆ ನಾಲ್ಕು ಹೆಜ್ಜೆ ಅವಳು ನೆಲ ನೋಡಲಿಲ್ಲ.

ಅತಿಥಿಗಳಲ್ಲಿ ಒಬ್ಬ ಅಂಟಿನ ವಾಸನೆಗೆ ಮೂಗು ಉಜ್ಜಿಕೊಂಡ. ಬೆನಿಯಾಮಿನ್ ದೆಬೋರಾಳ ಕಡೆ ಹುಬ್ಬು ಹಾರಿಸಿದ. ಅವಳು ಆಗಷ್ಟೇ ಕುದಿಯುವ ಕೆಟಲಿನಿಂದ ಬೋಗುಣಿಗೆ ನೀರು ಸುರಿಯುತ್ತಿದ್ದವಳು, ಎರಡನೆಯ ಕೆಟಲನ್ನೂ ಬಗ್ಗಿಸಿ, ಅಲ್ಲಿಂದಲೇ ಓಡಿದಳು. ಬೀಗ ತೆರೆಯಿತು. ಫ್ಯಾನು ಗುರ್ ಎಂದು ತಿರುಗತೊಡಗಿತು.

ಅಂಟಿನ ಮೇಜಿನ ಹೆಂಗಸರು ಎಲ್ಲರೂ ಒಟ್ಟಿಗೆ ಮೇಲೆ ನೋಡಿದರು. ಇಡೀ ಚಳಿಗಾಲದಲ್ಲಿ ಮೊದಲ ಸಲ ಅವರ ಮೂಗಿಗೆ ಹೊರಗಿನ ಗಾಳಿ ಬಂತು. ಹಸಿ ಮಣ್ಣಿನ ವಾಸನೆ, ದೂರದಲ್ಲಿ ಯಾರೋ ಹುಲ್ಲು ಸುಡುತ್ತಿದ್ದ ವಾಸನೆ. ನೊಯೆಮಿ ಬಾಯಿ ತೆರೆದುಕೊಂಡು ಉಸಿರೆಳೆದಳು.

"ಕುಡೀ ಮಗಳ," ಎಂದಳು ಇಲೋನಾ. "ಬೀಗರು ಬಂದಾರಂತ ಹಾಕ್ಯಾರ. ನಮಗಲ್ಲ."

ಗಾಳಿಗೆ ಕಾರ್ಖಾನೆಯ ಒಳಗೆಲ್ಲ ತಣ್ಣಗಾಯಿತು. ಬೋಗುಣಿಯ ಪಕ್ಕದಲ್ಲಿ ತಣ್ಣೀರಿನ ಬಕೆಟ್ಟು ತುಂಬಿ ನಿಂತಿತ್ತು. ಅದನ್ನು ಬೆರೆಸಬೇಕಾದ ದೆಬೋರಾ ಸ್ವಿಚ್ಚಿನ ಪೆಟ್ಟಿಗೆಯಿಂದ ನೇರವಾಗಿ ಕ್ಯಾಮರಾ ಹಿಡಿದವರ ಪಕ್ಕ ಹೋಗಿ ನಿಂತುಬಿಟ್ಟಳು. ಹಬೆ ಬರುತ್ತಿತ್ತು, ಆದರೆ ಆ ಚಳಿಯಲ್ಲಿ ಎಲ್ಲದರಿಂದಲೂ ಹಬೆ ಬರುತ್ತಿತ್ತು, ಕಾಫಿ ಲೋಟಗಳಿಂದ, ಜನರ ಬಾಯಿಂದ.

"ಕಾಲಿಡು, ಸಹೋದರಿ," ಎಂದ ಬೆನಿಯಾಮಿನ್. ಅವನು ಕೋಟು ತೆಗೆದು ಸೊಂಟಕ್ಕೆ ಟವೆಲು ಸುತ್ತಿಕೊಂಡಿದ್ದ.

ಸಫ್ತಾ ಸ್ಕರ್ಟು ಮೊಣಕಾಲಿನ ತನಕ ಎತ್ತಿ ಎರಡೂ ಪಾದಗಳನ್ನು ನೀರಿನಲ್ಲಿಟ್ಟಳು. ಹಿಮ್ಮಡಿಯ ಮೇಲಿನ ಗಂಟಿನ ಹತ್ತಿರ ಏನೋ ಬೆಚ್ಚಗೆ ಅನ್ನಿಸಿತು, ಅಷ್ಟೆ. ಬೆಚ್ಚಗಿದೆ, ಒಳ್ಳೆಯದಾಯಿತು, ನಡುಗುವ ಪ್ರಮೇಯ ಇಲ್ಲ ಅಂದುಕೊಂಡಳು. ಕ್ಯಾಮರಾ ಕಡೆ ನೋಡಿ ದೆಬೋರಾ ಕಲಿಸಿದ ಹಾಗೆ ಸಣ್ಣಗೆ ನಕ್ಕಳು. ಬೆರಳು ಮಡಚಬೇಕು, ಅವನು ಹಿಡಿದಾಗ ಬೆರಳು ಮಡಚಬೇಕು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ಬೆನಿಯಾಮಿನ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಮೊದಲು ಅತಿಥಿಗಳ ಭಾಷೆಯಲ್ಲಿ, ಆಮೇಲೆ ಹೆಂಗಸರ ಭಾಷೆಯಲ್ಲಿ. ನಾಯಕನಾಗುವವನು ಎಲ್ಲರ ಕೆಳಗಿರಬೇಕು ಎಂದ. ಲಾಭವೆನ್ನುವುದು ವಿಧೇಯತೆಯ ಹಣ್ಣು ಎಂದ. ಈ ಕೈಗಳನ್ನು ನಿನ್ನ ಕೈಗಳಾಗಿ ಮಾಡು ಎಂದ. ಪ್ರಾರ್ಥನೆ ಉದ್ದವಾಯಿತು. ಇಲೋನಾ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವವಳಲ್ಲ. ಬೋಗುಣಿಯ ನೀರಿನಲ್ಲಿ ಒಂದು ಕೆಂಪು ಎಳೆ ಸುರುಳಿಸುರುಳಿಯಾಗಿ ಮೇಲೆ ಬರುವುದನ್ನು ಅವಳು ಕಂಡಳು. ಅದರ ಹಿಂದೆಯೇ ಸಫ್ತಾಳ ಕಂದು ಪಾದ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗುತ್ತಿರುವುದನ್ನೂ ಕಂಡಳು.

ಅವಳು ಬಾಯಿ ತೆರೆಯುವಷ್ಟರಲ್ಲಿ ಬೆನಿಯಾಮಿನ್ ಆಮೆನ್ ಎಂದು ಮಂಡಿಯೂರಿ ಎರಡೂ ಕೈಗಳನ್ನು ನೀರಿನೊಳಗೆ ಇಳಿಸಿದ.

"ನಿಮ್ಮವ್ವನ್ ಹಬ್ಬಾ ಸುಡ್ಲಿ, ಸೂಳೆಮಕ್ಕಳ್ರ್ಯಾ!"

ಅವನು ಹುಟ್ಟಿ ಬೆಳೆದ ಹಳ್ಳಿಯ ದನದ ಸಂತೆಯ ಬೈಗುಳ ಅದು. ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ, ಒಂದೂ ಅಕ್ಷರ ಸವೆಯದೆ ಹೊರಗೆ ಬಂತು. ಅವನು ಹಿಂದಕ್ಕೆ ಕುಕ್ಕರಿಸಿ ಕೈಗಳನ್ನು ಗಾಳಿಯಲ್ಲಿ ಒದರಿದ. ದೆಬೋರಾ ಚೀರಿಕೊಂಡು ಓಡಿಬಂದು ತಣ್ಣೀರಿನ ಬಕೆಟ್ಟನ್ನು ಎಳೆದು ಅವನ ಮುಂದಿಟ್ಟಳು. ಇಬ್ಬರು ಅತಿಥಿಗಳು ಅವನ ತೋಳು ಹಿಡಿದು ಕೈಗಳನ್ನು ತಣ್ಣೀರಿನಲ್ಲಿ ಅದ್ದಿಸಿದರು. ಒಬ್ಬಳು ಟವೆಲಿನಿಂದ ಅವನ ಹಣೆ ಒರೆಸಿದಳು.

ಸಫ್ತಾ ಇನ್ನೂ ನಗುತ್ತಿದ್ದಳು. ಅವಳ ಕಾಲು ಇನ್ನೂ ಬೋಗುಣಿಯಲ್ಲೇ ಇತ್ತು.

"ಏನಾತ್ರಿ?" ಎಂದಳು. "ಸಹೋದರಗ ಏನಾತು?"

ಇಲೋನಾ ಬಂದು ಅವಳ ಎರಡೂ ಮೊಣಕಾಲಿನ ಕೆಳಗೆ ಕೈಹಾಕಿ ಕಾಲುಗಳನ್ನು ಹೊರಗೆ ಎತ್ತಿದಳು. ನೀರು ಅವಳ ಕೈಗೆ ಸಿಡಿಯಿತು, ಅವಳು ಹಲ್ಲು ಕಚ್ಚಿದಳು. "ನೋಡವ್ವಾ," ಎಂದಳು. "ನೋಡ್ಕೊ."

ಸಫ್ತಾ ನೋಡಿದಳು. ಪಾದಗಳ ಮೇಲೆ ಬೊಬ್ಬೆಗಳು ಏಳುತ್ತಿದ್ದವು, ಅವಳ ಕಣ್ಣೆದುರಿಗೇ ಉಬ್ಬುತ್ತಿದ್ದವು. ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದಳು. ಮುಚ್ಚಿಟ್ಟುಕೊಂಡದ್ದೆಲ್ಲ ಮುಗಿಯಿತು ಎನ್ನುವುದು ಅವಳಿಗೆ ಆಗ ಹೊಳೆಯಿತು. ಫ್ಯಾನು ತಿರುಗುತ್ತಲೇ ಇತ್ತು. ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು, ಅತಿಥಿಗಳೂ. ಅವರಲ್ಲೊಬ್ಬ ಮೆಲ್ಲಗೆ ಏನೋ ಕೇಳಿದ. ನೀರು ಅಷ್ಟು ಸುಡುತ್ತಿದ್ದರೆ ಈ ಹೆಂಗಸು ಯಾಕೆ ಕೂಗಲಿಲ್ಲ ಎಂದು ಕೇಳಿರಬೇಕು. ಯಾರಾದರೂ ಕೇಳುವ ಮಾತೇ ಅದು.

ಬೆನಿಯಾಮಿನ್ ಬಕೆಟ್ಟಿನಲ್ಲಿ ಕೈಯಿಟ್ಟುಕೊಂಡೇ ಅವಳ ಕಾಲನ್ನು ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದು ಅವನ ಮುಖದ ಮೇಲೆ ಬಂದು, ಒಂದು ಕ್ಷಣ ನಿಂತು, ಹೋಯಿತು. ಆಮೇಲೆ ಅವನ ಕಣ್ಣುಗಳು ತುಂಬಿಕೊಂಡವು. ಅವನು ಎದ್ದುನಿಂತು ಒದ್ದೆ ಕೈಗಳನ್ನು ಮೇಲೆತ್ತಿ ಅತಿಥಿಗಳಿಗೆ ಏನೋ ಹೇಳಿದ. ಅವರು ಬಾಯಿಗೆ ಕೈ ಹಚ್ಚಿಕೊಂಡರು. ಒಬ್ಬಳು ಅಳತೊಡಗಿದಳು. ಆಮೇಲೆ ಅವನು ಹೆಂಗಸರ ಕಡೆ ತಿರುಗಿದ.

"ಸಹೋದರಿಯರೇ, ಬೈಬಲಿನಲ್ಲಿ ಶದ್ರಕ್, ಮೇಶಕ್, ಅಬೇದ್ನೆಗೋ ಈ ಮೂವರು ಭಕ್ತರನ್ನು ಉರಿಯುವ ಆವಿಗೆಯಲ್ಲಿ ಹಾಕಿದಾಗ ಏನಾಯ್ತು? ನಾನು ಗಟ್ಟಿಮುಟ್ಟಾದ ಗಂಡಸು, ನನ್ನ ಕೈಗೆ ಒಂದು ಕ್ಷಣ ತಡೆಯೋಕೆ ಆಗ್ಲಿಲ್ಲ. ನಾಲಿಗೆಯನ್ನೂ ತಡೆಯೋಕೆ ಆಗ್ಲಿಲ್ಲ, ಕರ್ತನು ಕ್ಷಮಿಸಲಿ. ಈ ಬಡ ಸಹೋದರಿ ಪ್ರಾರ್ಥನೆ ಮುಗಿಯೋ ತನಕ ನಗ್ತಾ ಕೂತಿದ್ಳು. ನೋವೇ ಆಗ್ಲಿಲ್ಲ ಅವಳಿಗೆ. ಇದು ನಂಬಿಕೆ. ಇವತ್ತು ಕರ್ತನು ನಮ್ಮ ಕಾರ್ಖಾನೆಗೆ ಬಂದಿದ್ದಾನೆ."

ಅತಿಥಿಗಳು ಚಪ್ಪಾಳೆ ತಟ್ಟಿದರು. ದೆಬೋರಾ ತಟ್ಟಿದಳು. ಹೆಂಗಸರಲ್ಲೂ ಒಂದಿಬ್ಬರು ಆಮೆನ್ ಎಂದರು, ರೂಢಿಯ ಮೇಲೆ. ಬೆನಿಯಾಮಿನ್ ಸಫ್ತಾಳ ಹತ್ತಿರ ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಸುಮ್ನಿರು. ನಿನಗೆ ಏನೂ ಕೊರತೆ ಆಗೋದಿಲ್ಲ. ಕೂತು ಮಾಡೋ ಕೆಲಸ ಕೊಡ್ತೀನಿ, ಜೀವ ಇರೋ ತನಕ. ನನ್ನ ಕಾರಲ್ಲಿ ನಾನೇ ಮನೆಗೆ ಬಿಡ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಕೊಡುತ್ತಿದ್ದ. ಸಫ್ತಾಗೆ ಅದು ಗೊತ್ತಿತ್ತು. ಬಾಯಿ ಮುಚ್ಚಿ ಕೂತರೆ ಅವಳ ಕೆಲಸ ಉಳಿಯುತ್ತಿತ್ತು, ಚಾವಣಿ ಉಳಿಯುತ್ತಿತ್ತು, ಜಿಪ್ಸಿ ಹೆಂಗಸು ಪವಾಡದ ಹೆಂಗಸಾಗಿ ಗೇಟಿನಲ್ಲಿ ಬೂಟು ಬಿಚ್ಚುವುದೂ ತಪ್ಪುತ್ತಿತ್ತು. ನಾಳೆ ಅವಳ ಜಾಗದಲ್ಲಿ ನೊಯೆಮಿ ನಿಲ್ಲುತ್ತಿದ್ದಳು. ನೊಯೆಮಿ ಅಲ್ಲೇ ಮುಚ್ಚಳ ಹಾಕಿದ ಡಬ್ಬಿಯ ಪಕ್ಕ ನಿಂತು ಇನ್ನೂ ಆ ತಣ್ಣನೆಯ ಗಾಳಿಗೆ ಮುಖ ಕೊಟ್ಟಿದ್ದಳು.

ಇಲೋನಾ ಬಕೆಟ್ಟನ್ನು ಎಳೆದುಕೊಂಡು ಬಂದು ಸಫ್ತಾಳ ಕಾಲು ಅದರಲ್ಲಿ ಇಳಿಸುತ್ತಿದ್ದವಳು ಬಲಗಾಲಿನ ಹಿಮ್ಮಡಿ ನೋಡಿ ತಡೆದಳು. "ಇಲ್ಲೇನೋ ಐತಿ," ಎಂದಳು.

ಮೊಳೆ. ಅಟ್ಟೆಗೆ ಹೊಡೆಯುವ ಮೋಟು ಮೊಳೆ, ತಲೆಯ ತನಕ ಒಳಗೆ ಹೋಗಿ ಕೂತಿತ್ತು. ನೀಲಿ ತಲೆ ಮಾತ್ರ ಹೊರಗೆ.

ಸಫ್ತಾ ಕಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಎರಡು ಬೆರಳಿನಿಂದ ಅದನ್ನು ಹಿಡಿದು ಎಳೆದಳು. ಎಳೆಯುವಾಗ ಅವಳ ಮುಖದ ಮೇಲೆ ಏನೂ ಆಗಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದವರ ಕೈಗಳು ಒಂದೊಂದಾಗಿ ನಿಂತವು. ಭಾಷೆ ಬಾರದಿದ್ದವರಿಗೂ ಅದು ಓದಲು ಬಂತು.

"ಆ ಮೂರು ಮಂದೀಗೆ ಬೆಂಕಿ ತಾಗಿರಲಿಲ್ರಿ, ಸಹೋದರ," ಎಂದಳು ಅವಳು. "ಅವರ ಮೈಮ್ಯಾಲಿನ ಕೂದಲಾ ಸೈತ ಸುಟ್ಟಿರಲಿಲ್ಲ. ನಾನೂ ಕೇಳೀನಿ ಆ ಕತಿ. ನನ್ನ ಕಾಲು ಸುಟ್ಟಾವ. ನನಗ ಗೊತ್ತಾಗ್ಲಿಲ್ಲ, ಅಷ್ಟ. ಸಾಬಿನಾಗೂ ಗೊತ್ತಾಗತಿರಲಿಲ್ಲ."

"ಸಫ್ತಾ."

"ಇದು ಕಾರ್ಖಾನಿದು." ಅವಳು ಮೊಳೆಯನ್ನು ಅವನ ಕೆಂಪು ಅಂಗೈಯಲ್ಲಿಟ್ಟಳು. "ನನ್ನ ಕಾಲಾಗ ಹೊರಗ ಹೋಗತಿತ್ತು. ದೆಬೋರಾಗ ತೋರಸ್ರಿ, ಕದ್ದೀನಿ ಅಂದಾಳು."

ಬೆನಿಯಾಮಿನ್ ಅಂಗೈಯನ್ನೇ ನೋಡುತ್ತ ನಿಂತ. ಬೈಬಲಿನ ಯಾವ ವಾಕ್ಯವೂ ನೆನಪಿಗೆ ಬರಲಿಲ್ಲ.

"ಕಾರು ತರಿಸ್ತೀನಿ," ಎಂದ ಕೊನೆಗೆ.

"ಕಾರು ಬ್ಯಾಡ. ಆಂಬುಲೆನ್ಸು ಬರ್ಲಿ. ಡಾಕ್ಟರು ನೋಡ್ಲಿ. ಎಲ್ಲಿ ಕೆಲಸಾ ಮಾಡ್ತಿದ್ದಿ ಅಂತ ಕೇಳ್ಲಿ."

ನೊಯೆಮಿ ಆಗಲೇ ಫೋನಿನಲ್ಲಿ ವಿಳಾಸ ಹೇಳುತ್ತಿದ್ದಳು.

ಅತಿಥಿಗಳನ್ನು ಬೆನಿಯಾಮಿನ್ ಊಟದ ಕೋಣೆಗೆ ಕರೆದುಕೊಂಡು ಹೋದ. ಅಳುತ್ತಿದ್ದವಳು ಹೋಗುವಾಗ ಎರಡು ಸಲ ತಿರುಗಿ ನೋಡಿದಳು. ಬಾಗಿಲ ಬಳಿ ಅವನು ದೆಬೋರಾಳಿಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅವಳು ತಲೆಯಾಡಿಸಿ, ಮೇಜುಗಳ ಕಡೆ ಮರಳಿ, ಕೈ ತಟ್ಟಿದಳು.

"ನಡೀರಿ, ನಡೀರಿ, ಮುಚ್ಚಳ ತಗೀರಿ. ಇವತ್ತಿನ ಮಾಲು ಇವತ್ತಽ ಹೋಗಬೇಕು."

ಯಾರೂ ಮುಚ್ಚಳ ತೆಗೆಯಲಿಲ್ಲ. ಇಲೋನಾ ಬಿಳಿ ಬಟ್ಟೆ ಹೊದಿಸಿದ ಕುರ್ಚಿಯೊಂದನ್ನು ಎಳೆದು ಸಫ್ತಾಳ ಪಕ್ಕ ಹಾಕಿಕೊಂಡು ಕೂತು ಬೂಟು ಬಿಚ್ಚಿದಳು. ಕಾಲುಚೀಲ ಬಿಚ್ಚಿದಳು. ಅಂಗಾಲನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿಕೊಂಡಳು, ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಆಮೇಲೆ ಕಾಲನ್ನು ಮುಂದೆ ಚಾಚಿದಳು. ಅವಳ ಆಚೆ ನಿಂತಿದ್ದವಳು ಅದನ್ನು ನೋಡಿ ತಾನೂ ಕೂತಳು. ಅವಳ ಆಚೆಯವಳೂ. ಮೇಜುಗಳ ನಡುವಿನ ದಾರಿಯುದ್ದಕ್ಕೂ ಲಾಡಿ ಬಿಚ್ಚುವ ಸದ್ದು, ಬೂಟು ನೆಲಕ್ಕೆ ಬೀಳುವ ಸದ್ದು. ಕುರ್ಚಿ ಸಿಗದವರು ನೆಲದ ಮೇಲೇ ಕೂತು, ಅಂಗಾಲು ನೋಡಿಕೊಂಡು, ಕಾಲು ಚಾಚಿದರು. ಒಬ್ಬಳು ಮಾತ್ರ ಒತ್ತಿದ್ದು ತಿಳಿಯದೆ ತನ್ನ ಕಾಲನ್ನು ಮತ್ತೆ ಮತ್ತೆ ಒತ್ತಿಕೊಂಡು ಸಣ್ಣಗೆ ಅಳುತ್ತಿದ್ದಳು.

ದೆಬೋರಾ ಸೊಂಟದಿಂದ ಬೀಗದ ಕೈ ತೆಗೆದಳು. ಸ್ವಿಚ್ಚಿನ ಪೆಟ್ಟಿಗೆ ಆ ದಾರಿಯ ತುದಿಯಲ್ಲಿತ್ತು.

"ಕಾಲು ಮಡಚ್ರಿ," ಎಂದಳು. "ಫ್ಯಾನು ಬಂದ್ ಮಾಡಬೇಕು. ದಾರಿ ಬಿಡ್ರಿ."

ಬೆಳ್ಳಗಿನ ಕಾಲು, ಊದಿದ ಕಾಲು, ಉಗುರು ಹೋದ ಕಾಲು, ಒಂದರ ಪಕ್ಕ ಒಂದು ಬಿದ್ದಿದ್ದವು. ಒಂದೂ ಅಲ್ಲಾಡಲಿಲ್ಲ. ಸಫ್ತಾ ಬಕೆಟ್ಟಿನಿಂದ ತನ್ನ ಎರಡೂ ಕಾಲುಗಳನ್ನು ಎತ್ತಿ, ಕೈಯಿಂದ ಹಿಡಿದು, ಆ ಸಾಲಿಗೆ ಇಟ್ಟಳು.

"ತುಳಿದು ಹೋಗವ್ವಾ," ಎಂದಳು ಇಲೋನಾ. "ನಮಗೇನ್ ಗೊತ್ತಾಗಂಗಿಲ್ಲ."

ದೆಬೋರಾ ಒಂದು ಹೆಜ್ಜೆ ಎತ್ತಿದವಳು ಎಲ್ಲಿ ಇಡಬೇಕೆಂದು ತಿಳಿಯದೆ ಒಂಟಿ ಕಾಲಿನಲ್ಲಿ ನಿಂತಳು. ಅವಳ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.